ಕೆಂಪು ದೀಪಕ್ಕೆ ಹಚ್ಚಿದ ಟಿಕಳಿ

ಧನಕವಡಿಯ ಆ ಸೊಸಾಯಿಟಿಯಲ್ಲಿ ಎಪ್ಪತ್ತೆರಡು ಮನೆಗಳು. ಮಲಕಪ್ಪನ ಕ್ಯಾಮೆರಾಕ್ಕೆ ಎಪ್ಪತ್ತೆರಡು ಮನೆಯವರೂ ಒಡೆಯರು. ಹೊರುವವನು ಮಾತ್ರ ಮಲಕಪ್ಪ ಒಬ್ಬನೇ.

ಕ್ಯಾಮೆರಾ ಕೊಟ್ಟವಳು ಮಗಳು ರೇಣು. ಅಪ್ಪ ಆಫೀಸಿನ ಕಾರಕೂನಿಕೆಯಿಂದ ನಿವೃತ್ತನಾದ ದಿನ, ಹೊತ್ತು ಹೋಗಲಿ ಎಂದು ತಂದು ಕೈಯಲ್ಲಿಟ್ಟಿದ್ದಳು. ಹೊತ್ತೇನೋ ಹೋಯಿತು, ಅದರ ಸಂಗಡ ಭಾನುವಾರಗಳೂ ಹೋದವು. ಯಾರ ಮನೆಯಲ್ಲಿ ತೊಟ್ಟಿಲು, ಯಾರ ಮನೆಯಲ್ಲಿ ಸತ್ಯನಾರಾಯಣ, ಯಾರ ಹೊಸ ಸ್ಕೂಟರಿಗೆ ನಿಂಬೆಹಣ್ಣು, ಎಲ್ಲದಕ್ಕೂ ಮಲಕಪ್ಪ ಬೇಕು. ಮಂಗಳಾರತಿಯ ಹೊತ್ತಿಗೆ ಪೂಜೆಗೆ ಕುಳಿತ ಗಂಡಹೆಂಡಿರು ದೇವರ ಕಡೆ ಬೆನ್ನು ಮಾಡಿ ಮಲಕಪ್ಪನ ಕಡೆ ನೋಡಿ ನಗುತ್ತಿದ್ದರು. ದೇವರಿಗೆ ಸಲ್ಲಬೇಕಾದ ನೋಟವನ್ನು ತಾನು ನಡುವೆ ನಿಂತು ಕಸಿದುಕೊಳ್ಳುತ್ತಿದ್ದೇನೆಂದು ಅವನಿಗೆ ಭಾಳ ಕಸಿವಿಸಿ.

"ಶ್ರಾವಣದ ಈ ಒಂದು ಕೆಲಸ ಮುಗೀಲಿ, ಇದನ್ನ ಅಟ್ಟದ ಮ್ಯಾಲೆ ಒಗದಬಿಡ್ತೀನಿ" ಎಂದು ಅವನು ಹೆಂಡತಿ ಶಾಮಲಾಳಿಗೆ ಹೇಳಿದ್ದ. ಶಾಮಲಾ ಅಂದೇ ಅಟ್ಟದ ಮೇಲೆ ಹಳೆಯ ಬೀಸುವ ಕಲ್ಲಿನ ಪಕ್ಕದಲ್ಲಿ ಜಾಗ ಮಾಡಿಟ್ಟಿದ್ದಳು.

ಆ ಕೊನೆಯ ಕೆಲಸವೆಂದರೆ ಭಾನುವಾರ ಬೆಳಿಗ್ಗೆ ಬಿಬವೇವಾಡಿಯ ಮದುವೆ ಕಾರ್ಯಾಲಯದಲ್ಲಿ ಕನ್ನಡ ಮಂಡಳಿಯವರು ಇಟ್ಟಿದ್ದ ವಚನ ಗಾಯನ. ಹಾಡುವವರು ಬೇರೆ ಯಾರೂ ಅಲ್ಲ, ಗೋಕಾಕ ಕಡೆಯ ಹುಲಿಗೆಪ್ಪನವರು. ಮಲಕಪ್ಪನ ತಾಯಿ ಬಸವಣ್ಣೆವ್ವನ ಒಡಹುಟ್ಟಿದ ತಮ್ಮ. ಅಕ್ಕನಿಗೆ ಎಂಬತ್ನಾಲ್ಕು, ತಮ್ಮನಿಗೆ ಎಪ್ಪತ್ತೆಂಟು. ಇಬ್ಬರ ನಡುವೆ ಮಾತು ನಿಂತು ಹನ್ನೊಂದು ವರ್ಷ.

ಮಾತು ನಿಂತದ್ದು ರೇಣುವಿನ ಲಗ್ನದಲ್ಲಿ. ಅಕ್ಷತೆಯಾದ ಮೇಲೆ ಹುಲಿಗೆಪ್ಪನವರು ಹಾಡಿದರು. ಐದುನೂರು ಜನ ತಲೆದೂಗಿದರು. ಹಾಡು ಮುಗಿದು ಚಪ್ಪಾಳೆ ಬೀಳುವ ಮೊದಲೇ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಬಸವಣ್ಣೆವ್ವ ಗಟ್ಟಿಯಾಗಿ, "ಹುಲಿಗ್ಯಾ, ಮ್ಯಾಲಿನ ಷಡ್ಜ ತಪ್ಪಿತು ನೋಡು" ಅಂದುಬಿಟ್ಟಳು. ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅವರಿಗೆ ಮೊದಲ ಹಾಡು ಕಲಿಸಿದವಳೇ ಅವಳು. ತಮ್ಮ ಎದ್ದವರು ಊಟಕ್ಕೂ ನಿಲ್ಲಲಿಲ್ಲ.

ಎರಡು ತಿಂಗಳ ಹಿಂದೆ ಬಸವಣ್ಣೆವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡಿದ್ದಳು. ಹೊರಕೋಣೆಯ ಕಿಟಕಿಯ ಪಕ್ಕದ ಮಂಚವೇ ಈಗ ಅವಳ ಊರು. ಶನಿವಾರ ಸಂಜೆ ಅವಳು ಮಗನನ್ನು ಕರೆದಳು.

"ಮಲಕಪ್ಪಾ, ನಾಳೆ ಹುಲಿಗ್ಯಾ ಹಾಡ್ತಾನಂತ?"

"ಹೌದವ್ವಾ."

"ನನಗ ಕೇಳಬೇಕಾಗೈತಿ."

"ಹಂಗಾದ್ರ ಹಾಡು ಮುಗದ ಮ್ಯಾಲೆ ಮನಿಗೇ ಕರಕೊಂಡ ಬರ್ತೀನಿ."

"ಯಾಕ? ನಾ ಅವನ ಹಾದಿ ಕಾಯಾಕತ್ತೀನಂತ ಅವಗ ಗೊತ್ತಾಗಲಂತೇನು? ಬ್ಯಾಡ. ನಾ ಕೇಳೀನಿ ಅನ್ನೂದ ಅವಗ ತಿಳೀಬಾರದು. ನಿನ್ನ ಕ್ಯಾಮೆರಾದಾಗ ಹಿಡಕೊಂಡ ಬಾ."

ಮಲಕಪ್ಪ ತಲೆ ಕೆರೆದುಕೊಂಡ. ಬಸವಣ್ಣೆವ್ವ ಗೋಡೆಯ ಮೇಲಿದ್ದ ಗಂಡನ ಫೋಟೋದ ಕಡೆ ಕೈಮಾಡಿದಳು.

"ನಿಮ್ಮಪ್ಪ ಹೋಗಿ ಹದಿನಾಲ್ಕು ವರ್ಷ ಆತು. ಮಾರಿ ಅಲ್ಲೈತಿ, ದಿನಾ ನೋಡ್ತೀನಿ. ದನಿ? ನನ್ನ ಹೆಂಗ ಕರೀತಿದ್ರು ಅಂತ ನೆನಪ ಮಾಡಕೊಳ್ಳಾಕ ಹೋದ್ರ ಈಗೀಗ ಸಿಗವಲ್ದು. ಹುಲಿಗ್ಯಾನ ದನಿನೂ ಹಂಗ ಕಳಕೊಳ್ಳೂದು ನನಗ ಬ್ಯಾಡ."

ಮಲಕಪ್ಪ ಕ್ಯಾಮೆರಾಕ್ಕೆ ಹೊಸ ಕಾರ್ಡು ತರಲು ಎದ್ದ.

ತೊಡಕು ಇದ್ದದ್ದು ಹುಲಿಗೆಪ್ಪನವರ ನೇಮದಲ್ಲಿ. ಹನ್ನೊಂದು ವರ್ಷದಿಂದ ಅವರು ತಮ್ಮ ಹಾಡನ್ನು ಯಾರಿಗೂ ಹಿಡಿದಿಡಲು ಬಿಟ್ಟಿರಲಿಲ್ಲ. ಮೊಬೈಲು ಎತ್ತಿದ್ದು ಕಂಡರೆ ಅರ್ಧಕ್ಕೆ ನಿಲ್ಲಿಸಿ ತಂಬೂರಿಗೆ ಗವಸು ಹಾಕಿಬಿಡುತ್ತಿದ್ದರು. ಫೋಟೋಕ್ಕೆ ಮಾತ್ರ ಅಡ್ಡಿಯಿಲ್ಲ. "ಫೋಟೋ ಎಷ್ಟರ ತಗೀರಿ, ಫೋಟೋಕ್ಕ ಬಾಯಿಲ್ಲ" ಎನ್ನುತ್ತಿದ್ದರು. ಅಂದರೆ ಮಲಕಪ್ಪ ಫೋಟೋ ತೆಗೆಯುವವನಂತೆ ನಿಂತು ವಿಡಿಯೋ ತೆಗೆಯಬೇಕು. ಅವನ ಕ್ಯಾಮೆರಾ ಹುಟ್ಟಾ ಫೋಟೋದ ಕ್ಯಾಮೆರಾ. ವಿಡಿಯೋ ಅದಕ್ಕೆ ಉಪಕಸಬು. ಹೀಗಾಗಿ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಹೊಸ ಕಾರ್ಡು ಕೊಟ್ಟ ಅಂಗಡಿಯವನು ಎಚ್ಚರಿಕೆ ಹೇಳಿ ಕಳಿಸಿದ್ದ: "ಕಾಕಾ, ಹಾ ಫೋಟೋಚಾ ಕ್ಯಾಮೆರಾ ಆಹೆ." ಇದು ಫೋಟೋದ ಕ್ಯಾಮೆರಾ, ವಿಡಿಯೋ ಇಪ್ಪತ್ತೊಂಬತ್ತು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಬಿಡದೆ ಓಡಿಸಿದರೆ ಬಿಸಿಯಾಗುತ್ತದೆ. ಆದ್ದರಿಂದ ಹಾಡು ಶುರುವಾದಾಗ ಮೇಲಿನ ಗುಂಡಿ ಒಮ್ಮೆ ಒತ್ತಬೇಕು, ಮುಗಿದಾಗ ಮತ್ತೊಮ್ಮೆ ಒತ್ತಬೇಕು. ಮೊದಲ ಒತ್ತಿಗೆ ಚಾಲೂ, ಎರಡನೆಯದಕ್ಕೆ ಬಂದ್. ಗುಂಡಿ ಒತ್ತಿದಾಗ ಬರುವ ಪೀಂ ಸದ್ದನ್ನು ಅಂಗಡಿಯವನೇ ತೆಗೆದುಕೊಟ್ಟ.

ಭಾನುವಾರ ಏಳೂವರೆಗೆಲ್ಲ ಮಲಕಪ್ಪ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕ್ಯಾಮೆರಾದ ಚೀಲವನ್ನು ಕಳ್ಳಮಾಲಿನಂತೆ ಬಗಲಲ್ಲಿ ಅವುಚಿಕೊಂಡು ಕಾರ್ಯಾಲಯಕ್ಕೆ ಬಂದ. ಬಾಗಿಲಲ್ಲಿ ರಾಧಾಬಾಯಿ ಕುಳಿತಿದ್ದರು. ಮಂಡಳಿಯ ಸೆಕ್ರೆಟರಿ ಕೃಷ್ಣಾಜಿಯವರ ಹೆಂಡತಿ. ಇವನ ಎದುರು ಮನೆಯವರೇ. ಮುಂದೆ ಒಂದು ದೊಡ್ಡ ಸ್ಟೀಲಿನ ಡಬ್ಬಿ. ಬಂದವರೆಲ್ಲ ಮೊಬೈಲುಗಳನ್ನು ಅದರೊಳಗೆ ಹಾಕಿ, ಜನಿವಾರ ತೆಗೆದಿಟ್ಟವರಂತೆ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ವೇದಿಕೆಯ ಮುಂದೆ ಮೂರು ಮಾರು ದೂರದಲ್ಲಿ ಮಲಕಪ್ಪ ಮುಕ್ಕಾಲಿ ನಿಲ್ಲಿಸಿದ. ಅದರ ಒಂದು ಕಾಲಿನ ತಿರುಪು ಸವೆದಿತ್ತು; ಪಾಯಜಾಮಾದ ಲಾಡಿಯಿಂದ ಬಿಗಿದಿದ್ದ. ಕ್ಯಾಮೆರಾ ಕೂರಿಸುತ್ತಿರುವಾಗ ಹಿಂದಿನಿಂದ ಒಂದು ಉಸಿರು ಕಿವಿಗೆ ತಾಗಿತು.

"ಏನ್ರಿ ಮಲಕಪ್ಪನವರ, ಫೋಟೋಕ್ಕ ಸ್ಟ್ಯಾಂಡ್ ಯಾಕ್ರಿ?"

ಕೃಷ್ಣಾಜಿಯವರು! ಅವರಿಗೆ ಗುಟ್ಟು ಹೇಳುವುದೂ ಒಂದೇ, ಕತ್ರಜದ ಘಾಟಿನ ಮೇಲೆ ನಿಂತು ಕೂಗುವುದೂ ಒಂದೇ. ಆದರೆ ಮಲಕಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿಬಿಟ್ಟ. ಕೃಷ್ಣಾಜಿಯವರ ಕಣ್ಣು ತುಂಬಿ ಬಂತು.

"ಅಕ್ಕ ತಮ್ಮನ ಹಾಡು ಕದ್ದು ಕೇಳೋದು! ಇದು ಪುಣ್ಯದ ಕೆಲಸರಿ. ನಾ ಇದ್ದೀನಿ ನಿಮ್ಮ ಬೆನ್ನಿಗೆ. ಯಾರ ಮುಂದೂ ಹೇಳಂಗಿಲ್ಲ." ಆಮೇಲೆ ಕ್ಯಾಮೆರಾದ ಮುಂದೆ ಬಗ್ಗಿ ನೋಡಿ, "ಇದೇನ್ರಿ ಇಲ್ಲಿ?" ಎಂದರು.

"ಚಾಲೂ ಆದ್ರ ಅಲ್ಲಿ ಕೆಂಪ ದೀಪ ಹತ್ತತೈತ್ರಿ."

"ಸುಟ್ಟು ಬೂದಿಯಾಯ್ತು ನಿಮ್ಮ ಗುಟ್ಟು! ಹಾಡೋ ಬುವಾ ಎದುರಿಗೇ ಕೂಡ್ತಾರ, ಕೆಂಪು ದೀಪ ಕಾಣಂಗಿಲ್ಲೇನು? ತಡೀರಿ."

ಅವರು ವಧುವಿನ ಕೋಣೆಗೆ ಓಡಿದರು. ಕಾರ್ಯಾಲಯವೆಂದ ಮೇಲೆ ಅಲ್ಲಿಯ ಕನ್ನಡಿಯ ತುಂಬ ಹಿಂದಿನ ಮದುಮಕ್ಕಳು ಹಣೆಯಿಂದ ತೆಗೆದು ಅಂಟಿಸಿಹೋದ ಟಿಕಳಿಗಳು. ಅದರಲ್ಲಿ ಒಂದು ದೊಡ್ಡ ಕಪ್ಪು ಟಿಕಳಿ ಕಿತ್ತು ತಂದು, ಕ್ಯಾಮೆರಾದ ಎದುರು ಕುಕ್ಕರಗಾಲಲ್ಲಿ ಕುಳಿತು, ಎಡಗೈ ಬೆರಳುಗಳಿಂದ ಕ್ಯಾಮೆರಾದ ನೆತ್ತಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಟಿಕಳಿಯನ್ನು ಜೋಳದ ಭಕ್ಕರಿ ಬಡಿದಂತೆ ಒತ್ತಿ ಒತ್ತಿ ಕೂರಿಸಿದರು.

"ಆತ್ರಿ. ಇನ್ನ ಆ ಹಿಂದಿನ ಟೀವಿ?"

ಕ್ಯಾಮೆರಾದ ಬೆನ್ನಿಗಿದ್ದ ಪರದೆಯೂ ಬೆಳಗುತ್ತಿತ್ತು. ಮಲಕಪ್ಪ ವೇದಿಕೆಯ ಕಡೆ ಗುರಿ ನೋಡಿಟ್ಟ ಕೂಡಲೇ ಕೃಷ್ಣಾಜಿಯವರು ಅದನ್ನೂ ಒಳಮುಖವಾಗಿ ಮಡಚಿ ಮುಚ್ಚಿದರು. ಈಗ ಕ್ಯಾಮೆರಾ ಎಚ್ಚರವಿದೆಯೋ ಮಲಗಿದೆಯೋ ಆ ಶಿವನಿಗೇ ಗೊತ್ತು.

"ಇನ್ನೊಂದು ಮಾತು. ಫೋಟೋ ತೆಗೆದ್ರ ಕಟಕ್ ಅಂತ ಸದ್ದು ಬರಬೇಕು. ನಿಮ್ಮದು ಬರೇ ಮೌನ. ನಾಲಗಿಲೆ ಮಾಡ್ರಿ, ಹಿಂಗ, ಟಕ್!"

ಅದಾದ ಹತ್ತು ನಿಮಿಷಕ್ಕೆ, ಎಂಟು ಗಂಟೆಗೆ, ಹುಲಿಗೆಪ್ಪನವರು ಬಂದು ಕುಳಿತರು. ಬಿಳಿಯ ರುಮಾಲು, ಹಣೆಯ ತುಂಬ ವಿಭೂತಿ. ಪಕ್ಕದಲ್ಲಿ ತಬಲಾದ ಮಾಂತು. ಸೋದರಳಿಯನನ್ನು ಕಂಡರೂ ಹುಲಿಗೆಪ್ಪನವರು ತಲೆಯಾಡಿಸಿದರೇ ಹೊರತು ಮಾತಾಡಲಿಲ್ಲ. ತಂಬೂರಿ ಮಿಡಿಯಿತು. ಕಣ್ಣು ಮುಚ್ಚಿದರು. ಬಾಯಿ ತೆರೆದರು. ಮಲಕಪ್ಪ ಗುಂಡಿ ಒತ್ತಿದ.

ಮೊದಲನೆಯ ವಚನ ಸುಖವಾಗಿ ಸಾಗಿತು. ಮುಗಿದ ಕೂಡಲೆ ಮಲಕಪ್ಪ ಮತ್ತೆ ಒತ್ತಿದ. ಎರಡನೆಯದರ ಆರಂಭದಲ್ಲಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಲಾಡಿ ಸಡಿಲಾಗಿ ಮುಕ್ಕಾಲಿಯ ಒಂದು ಕಾಲು ಮೆಲ್ಲಗೆ ಒಳಗೆ ಸರಿಯತೊಡಗಿತು. ಮಲಕಪ್ಪ ಮಂಡಿಯೂರಿ ಅದನ್ನು ಎರಡು ಕೈಯಿಂದ ಹಿಡಿದ. ಹದಿನೆಂಟು ನಿಮಿಷ, ಶಿವನ ಮುಂದಿನ ನಂದಿಯಂತೆ, ಹಾಗೇ ಕುಳಿತ. ನಡುನಡುವೆ ಮಾತ್ರ ನೆನಪಾದಾಗ ನಾಲಗೆಯಿಂದ 'ಟಕ್' ಅನ್ನುತ್ತಿದ್ದ. ಪ್ರತಿ ಸಲ 'ಟಕ್' ಅಂದಾಗಲೂ ಹುಲಿಗೆಪ್ಪನವರ ಒಂದು ಹುಬ್ಬು ಮೇಲೇರುತ್ತಿತ್ತು.

ಮೂರನೆಯ ವಚನ ಏರುತ್ತ ಏರುತ್ತ ಮೇಲಿನ ಷಡ್ಜದ ಹತ್ತಿರ ಬಂತು. ಸಭೆ ಉಸಿರು ಹಿಡಿದಿತ್ತು. ಅದೇ ಹೊತ್ತಿಗೆ ರಾಧಾಬಾಯಿಯವರ ಡಬ್ಬಿಯೊಳಗೆ ಯಾವುದೋ ಮೊಬೈಲು ಆರತಿಯ ಹಾಡು ಶುರುಮಾಡಿತು. ಅವರು ಡಬ್ಬಿಯನ್ನು ಅಳುವ ಕೂಸಿನಂತೆ ಎದೆಗವುಚಿಕೊಂಡು ಹೊರಗೆ ಓಡಿದರು. ವೇದಿಕೆಯ ಮೇಲೆ ಹುಲಿಗೆಪ್ಪನವರ ದನಿ ಷಡ್ಜವನ್ನು ಮುಟ್ಟಿತು, ನಡುಗಿತು, ಹಳೆಯ ಬಾಗಿಲಿನಂತೆ ಒಮ್ಮೆ ಕಿರುಗುಟ್ಟಿ ಕೆಳಗಿಳಿಯಿತು. ಅದೇ ಗಳಿಗೆಗೆ ಮಲಕಪ್ಪ ಅಂದ: "ಟಕ್."

ಹುಲಿಗೆಪ್ಪನವರು ಕಣ್ಣು ಬಿಟ್ಟರು. ಆ ನೋಟಕ್ಕೆ ಮಲಕಪ್ಪನ ಹಣೆಯ ವಿಭೂತಿ ಬೆವರಲ್ಲಿ ಕರಗಿ ಹೋಯಿತು.

ಮೂರನೆಯದಾದ ಮೇಲೆ ಚಹಾಕ್ಕೆ ಇಪ್ಪತ್ತು ನಿಮಿಷ ಬಿಡುವು. ಮಲಕಪ್ಪ ಗುಂಡಿ ಒತ್ತಿ, ಕ್ಯಾಮೆರಾ ಅಲ್ಲೇ ಬಿಟ್ಟು, ಲಾಡಿಗೆ ಬದಲು ಸುತಳಿ ಹುಡುಕಲು ಹೋದ. ಮರಳಿ ಬಂದು ನಾಲ್ಕನೆಯದಕ್ಕೆ ಒತ್ತಿದ, ಬಿಟ್ಟ. ಐದನೆಯದಕ್ಕೆ ಒತ್ತಿದ, ಬಿಟ್ಟ. ಹತ್ತು ಸಲ ಒತ್ತಿದ್ದನ್ನು ಬೆರಳಿನ ಗೆರೆಯ ಮೇಲೆ ಜಪದಂತೆ ಎಣಿಸಿದ್ದ. ಲೆಕ್ಕ ಚೊಕ್ಕಾಗಿತ್ತು.

ಮಂಗಳವಾದ ಮೇಲೆ ಕಾಲಿಗೆ ಬೀಳಲು ಹೋದಾಗ ಹುಲಿಗೆಪ್ಪನವರು ಕಾಲು ಹಿಂದೆಳೆದುಕೊಂಡರು.

"ಏನೋ ಮಲಕಪ್ಪಾ, ನಿಮ್ಮವ್ವಗ ಬರಾಕಾಗಲಿಲ್ಲಂತ ಆಕೀ ನಾಲಗಿ ನಿನ್ನ ಬಾಯಾಗ ಇಟ್ಟ ಕಳಿಸ್ಯಾಳೇನು?"

"ಇಲ್ಲ ಮಾವಾ, ಅದು ಕ್ಯಾಮೆರಾದ ಸದ್ದು..."

"ಕ್ಯಾಮೆರಾಕ್ಕ ತುಟಿ ಅಳ್ಳಾಡತಾವೇನು?"

ಮಲಕಪ್ಪ ಊಟಕ್ಕೂ ನಿಲ್ಲದೆ ಕ್ಯಾಮೆರಾ ಚೀಲಕ್ಕೆ ಹಾಕಿ ರಿಕ್ಷಾ ಹತ್ತಿದ. ಮನಸ್ಸು ಹಗುರಾಗಿತ್ತು. ಬೈಸಿಕೊಂಡದ್ದು ತಾನು, ಕೇಳುವವಳು ಅವ್ವ. ಈ ಲೆಕ್ಕದಲ್ಲಿ ನಷ್ಟವಿಲ್ಲ ಎಂದುಕೊಂಡ. "ಅವ್ವನ ಕೆಲಸ ಆತು ತಂದೆ. ನಾಳಿಯಿಂದ ಇದು ಅಟ್ಟಕ್ಕ, ನಾ ಮಠಕ್ಕ" ಎಂದು ರಿಕ್ಷಾದಲ್ಲಿಯೇ ಕೈಮುಗಿದ.

ಮಧ್ಯಾಹ್ನ ಎರಡಕ್ಕೆ ಟೀವಿಗೆ ವಾಯರು ಜೋಡಿಸಿದ. ಬಸವಣ್ಣೆವ್ವ ತಲೆ ಬಾಚಿಸಿಕೊಂಡು, ಹಸಿರು ಇಳಕಲ್ ಸೀರೆ ಉಡಿಸಿಕೊಂಡು, ಎರಡು ದಿಂಬಿಗೆ ಒರಗಿ, ಕಚೇರಿಗೆ ಬಂದವಳಂತೆಯೇ ಕುಳಿತಿದ್ದಳು. ಶಾಮಲಾ ಕಿಟಕಿಯ ಪರದೆ ಎಳೆದಳು. ಕರೆಯದೆಯೇ ಕೃಷ್ಣಾಜಿಯವರೂ ರಾಧಾಬಾಯಿಯವರೂ ಬಂದು ಕುರ್ಚಿ ಹಿಡಿದಿದ್ದರು. ಕಾರ್ಡಿನಲ್ಲಿ ಆರು ತುಣುಕು ತೋರಿಸಿತು. ಐದು ಇರಬೇಕಿತ್ತು, ಒಂದು ಹೆಚ್ಚೇ ಬಂದಿದೆಯಲ್ಲ ಎಂದು ಮಲಕಪ್ಪ ಹಿಗ್ಗಿ ಮೊದಲನೆಯದನ್ನು ಹಚ್ಚಿದ.

ಟೀವಿಯ ತುಂಬ ಎರಡು ಗವಿಗಳು ಕಂಡವು.

"ಯಾವ ಕ್ಷೇತ್ರ ಇದು?" ಎಂದು ಬಸವಣ್ಣೆವ್ವ ಕೇಳಿದಳು.

ಗವಿಗಳು ಹಿಂದೆ ಸರಿದವು. ಕೃಷ್ಣಾಜಿಯವರ ಮೂಗು! ಅದರ ಹಿಂದಿನಿಂದ ಕೃಷ್ಣಾಜಿಯವರ ಮುಖ, ಆಮೇಲೆ ದನಿ: "ಆತ್ರಿ. ಇನ್ನ ಆ ಹಿಂದಿನ ಟೀವಿ?" ಅಲ್ಲಿಂದ ಮುಂದೆ ಜಮಖಾನೆ ಹಾಸುವುದು, ರಾಧಾಬಾಯಿ ಮೊಬೈಲು ಎಣಿಸುವುದು, ಹುಲಿಗೆಪ್ಪನವರು ಬರುವುದು, ಕೂರುವುದು. ತಂಬೂರಿ ಮಿಡಿಯಿತು. ಬಸವಣ್ಣೆವ್ವ ಕೈಮುಗಿದಳು. ಹುಲಿಗೆಪ್ಪನವರು ಕಣ್ಣು ಮುಚ್ಚಿದರು, ಬಾಯಿ ತೆರೆದರು...

ಟೀವಿ ಕಪ್ಪಾಯಿತು.

ಎರಡನೆಯ ತುಣುಕಿನಲ್ಲಿ ಹುಲಿಗೆಪ್ಪನವರು ಬಾಯಿ ಮುಚ್ಚುತ್ತಿದ್ದರು. ಚಪ್ಪಾಳೆ. ಬಿಸಿನೀರು ಕುಡಿದರು. ಕೆಮ್ಮಿದರು. ಮತ್ತೆ ಬಾಯಿ ತೆರೆದರು. ಕಪ್ಪು.

ಮಲಕಪ್ಪನಿಗೆ ಆಗ ಹೊಳೆಯಿತು. ಟಿಕಳಿ ಕೂರಿಸುವಾಗ ಕೃಷ್ಣಾಜಿಯವರ ಎಡಗೈ ಬೆರಳು ನೆತ್ತಿಯ ಗುಂಡಿಯನ್ನು ಒತ್ತಿಬಿಟ್ಟಿತ್ತು. ಆಗಲೇ ಕ್ಯಾಮೆರಾ ಚಾಲೂ. ದೀಪಕ್ಕೆ ಟಿಕಳಿ, ಪರದೆಗೆ ಮುಸುಕು. ಅಲ್ಲಿಂದ ಮುಂದೆ ತಾನು ಚಾಲೂ ಎಂದು ಒತ್ತಿದಾಗಲೆಲ್ಲ ಬಂದ್ ಆಗಿದೆ, ಬಂದ್ ಎಂದು ಒತ್ತಿದಾಗ ಚಾಲೂ ಆಗಿದೆ. ಹತ್ತು ಸಲ, ಒಂದೂ ತಪ್ಪದೆ! ಐದು ವಚನಗಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವನು ಹಿಡಿದು ತಂದಿದ್ದ.

"ಕೃಷ್ಣಾಜಿಯವರ..." ಅಂದ. ಟಿಕಳಿಯ ಕಡೆ ಬೆರಳು ಮಾಡಿದ.

"ನಾ ಏನ ಮಾಡೀನ್ರಿ? ನಾ ಬರೇ ಟಿಕಳಿ ಹಚ್ಚೀನಿ" ಎಂದರು ಅವರು.

"ಅವ್ವಾ, ಬಂದ್ ಮಾಡ್ತೀನಿ" ಎಂದು ಮಲಕಪ್ಪ ಎದ್ದ. ಅವನ ಕಣ್ಣಲ್ಲಿ ನೀರಿತ್ತು.

"ಕೂಡು. ಹಾಡಿಲ್ಲದಿದ್ರ ಬಿಡು, ಹುಲಿಗ್ಯಾನ ಮಾರಿಯರ ಕಾಣತೈತಲ್ಲ. ನಡೀಲಿ."

ನಾಲ್ಕನೆಯ ತುಣುಕು ಚಹಾದ ಬಿಡುವು. ಆ ಕ್ಯಾಮೆರಾಕ್ಕೆ ಒಂದು ಚಾಳಿಯಿತ್ತು: ಸುತ್ತ ಸದ್ದು ಕಡಿಮೆಯಾದರೆ ಪಿಸುಮಾತನ್ನೂ ಎತ್ತಿ ದೊಡ್ಡದು ಮಾಡುತ್ತಿತ್ತು. ಮೊದಲು ಬಂದದ್ದು ಕೃಷ್ಣಾಜಿಯವರ ದನಿ, ಯಾರಿಗೋ ಹೇಳುತ್ತಿದ್ದರು: "ಉಪ್ಪಿಟ್ಟು ನಮ್ಮ ಮನಿಯಾಕೀದು. ತಿನ್ನಲಿಕ್ಕೆ ಸ್ವಲ್ಪ ತ್ರಾಸು. ಗ್ವಾಡಿಗೆ ಮೆತ್ತಲಿಕ್ಕೆ ಛಲೋ ಅದ."

ರಾಧಾಬಾಯಿ ಮೆಲ್ಲಗೆ ಗಂಡನ ಕಡೆ ತಿರುಗಿದರು. ಕೃಷ್ಣಾಜಿಯವರು ಸೂರಿನ ಫ್ಯಾನನ್ನು ಬಹಳ ಹೊತ್ತು ಪರೀಕ್ಷಿಸಿದರು.

ಆಮೇಲೆ ಜನ ಹೊರಗೆ ಹೋಗಿ ವೇದಿಕೆ ಖಾಲಿಯಾಯಿತು. ಹುಲಿಗೆಪ್ಪನವರು, ಮಾಂತು ಇಬ್ಬರೇ.

"ಮಾಂತು, ಮ್ಯಾಲಿನ ಷಡ್ಜ ಇವತ್ತೂ ಕೈ ಕೊಟ್ಟಿತಲ್ಲೋ."

"ಯಾರಿಗೂ ಗೊತ್ತಾಗಿಲ್ಲ ಬಿಡ್ರಿ ಬುವಾ."

"ಮಂದಿಗೆ ಎಲ್ಲಿ ಗೊತ್ತಾಗತೈತಿ? ಅಕ್ಕ ಇದ್ದಿದ್ರ ಹಿಡೀತಿದ್ಲು. ರೇಣುನ ಲಗ್ನದಾಗ ಹಿಡದ್ಲು. ನಾ ಸಿಟ್ಟಾಗಿದ್ದು ಆಕಿ ಸುಳ್ಳ ಹೇಳಿದ್ಲಂತ ಅಲ್ಲೋ, ಖರೇ ಹೇಳಿದ್ಲಂತ. ಖರೇ ಮಾತಿಗೆ ಏನ ಉತ್ತರ ಕೊಡೂದು? ಅದಕ್ಕ ಸುಮ್ಮಕಾದೆ. ಹಾಡು ಹಿಡಿಯಾಕ ಬಿಟ್ರ ಎಲ್ಲರ ಆಕೀ ಕಿವಿಗೆ ಮತ್ತ ಬೀಳತೈತಿ ಅಂತ ಅದನ್ನೂ ಬಂದ್ ಮಾಡಿದೆ."

"ಹೋಗಿ ಬರ್ರೆಲ್ಲಾ, ಧನಕವಡಿ ಇಲ್ಲೇ ಐತಿ."

"ಆಕಿ ಕರೀವಲ್ಲಳು, ನನಗ ಹೋಗಾಕ ಮಾರಿಯಿಲ್ಲ. ಆಕಿ ಬಿದ್ದಾಳಂತ ಕೇಳಿ, ಕಾಲಿಗೆ ಹಚ್ಚಾಕ ಊರಿಂದ ಎಣ್ಣಿ ಕಾಸಿ ತಂದೀನಿ, ಚೀಲದಾಗೈತಿ. ಮಲಕಪ್ಪನ ಕೈಯಾಗ ಕೊಡಬೇಕಂದ್ರ, ಆ ಪುಣ್ಯಾತ್ಮ ಹಲ್ಲಿ ಹಂಗ ಲೊಚಗುಟ್ಟಕೋತ ನಿಂತಾನ."

ಬಸವಣ್ಣೆವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು.

ಆಗ ಬಾಗಿಲ ಗಂಟೆ ಒಂದೇ ಸವನೆ ಬಡಿದುಕೊಂಡಿತು. ಶಾಮಲಾ ತೆರೆದಳು. ಬಗಲಲ್ಲಿ ಚೀಲ, ರುಮಾಲು ಓರೆ, ಹುಲಿಗೆಪ್ಪನವರು! ಹಿಂದೆ ಮಾಂತು.

"ಎಲ್ಲೈತಿ ಆ ಡಬ್ಬಿ? ಫೋಟೋ ಅಂತ ಹೇಳಿ ವಿಡಿಯೋ ತಗದಾನಂತ ಮಲಕಪ್ಪ!"

ಎಲ್ಲರೂ ಕೃಷ್ಣಾಜಿಯವರನ್ನು ನೋಡಿದರು.

"ಊಟಕ್ಕ ಕೂತಾಗ ಮಾಂತು ಬಾಜೂಕೇ ಇದ್ದರು. ಹಿಂಗ ಒಂದು ಮಾತಿಗೆ ಮಾತು ಬಂತು..." ಎಂದು ಅವರು ಮತ್ತೆ ಫ್ಯಾನು ನೋಡಿದರು.

ಬಸವಣ್ಣೆವ್ವ ಅಷ್ಟರಲ್ಲಿ ರಿಮೋಟು ಎತ್ತಿ ಟೀವಿ ಆರಿಸಿದ್ದಳು.

"ಹುಲಿಗ್ಯಾ, ಬಾಗಲದಾಗ ನಿಂತು ಒದರಬ್ಯಾಡ. ಒಳಗ ಬಾ."

ಹನ್ನೊಂದು ವರ್ಷದ ಮೇಲೆ ಕಿವಿಗೆ ಬಿದ್ದ ದನಿ. ಹುಲಿಗೆಪ್ಪನವರ ಸಿಟ್ಟು ಹೊಸ್ತಿಲಲ್ಲೇ ಚಪ್ಪಲಿಯ ಸಂಗಡ ಉಳಿಯಿತು. ಮಂಚದ ಹತ್ತಿರ ಬಂದು, ಕಪ್ಪಾದ ಟೀವಿಯನ್ನೂ ಅಕ್ಕನ ಮುಖವನ್ನೂ ನೋಡಿದರು.

"ಕೇಳಿದಿಯೇನು?"

"ಕೇಳಿದೆ."

"ಪೂರಾ?"

"ನೀ ಬರೂತನಕ ಕೇಳಿದೆ."

ಹುಲಿಗೆಪ್ಪನವರು ಶಾಲೆಯಲ್ಲಿ ಪಾಠ ಒಪ್ಪಿಸಲು ನಿಂತವರಂತೆ ನಿಂತಿದ್ದರು. "ಹೆಂಗಿತ್ತು?"

"ಒಂದ ಸ್ವರಾನೂ ತಪ್ಪಿಲ್ಲ ನೋಡು" ಎಂದಳು ಬಸವಣ್ಣೆವ್ವ, ದೇವರಾಣೆಗೂ ನಿಜವನ್ನೇ ಹೇಳುತ್ತ.

"ಮ್ಯಾಲಿನ ಷಡ್ಜ?"

"ತಪ್ಪಿದ್ದು ನನ್ನ ಕಿವಿಗೆ ಬೀಳಲಿಲ್ಲ."

ಕೂಲಿಯವನು ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿದಂತೆ ಹುಲಿಗೆಪ್ಪನವರು ಕುರ್ಚಿಯ ಮೇಲೆ ಕುಳಿತರು. ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೃಷ್ಣಾಜಿಯವರಿಗೆ ನಿಜ ತಿಳಿದಿದ್ದೂ ಸುಮ್ಮನಿರುವುದು ಆ ಜನ್ಮದಲ್ಲಿ ಆಗದ ಕೆಲಸ.

"ಬೀಳೋದು ಹೆಂಗ್ರಿ? ಹಾಡು ಒಂದೂ ಬಂದೇ ಇಲ್ಲ! ನೀವು ಕೆಮ್ಮಿದ್ದು, ನೀರು ಕುಡಿದದ್ದು, ಅಷ್ಟೇ ಬಂದದ. ಮಲಕಪ್ಪನವರು ಗುಂಡಿ ಉಲ್ಟಾ ಒತ್ಯಾರ."

"ಯಾರು ಒತ್ತಿದ್ದು ಅಂತ ಅದನ್ನೂ ಹೇಳ್ರಿ" ಎಂದರು ರಾಧಾಬಾಯಿ. ಉಪ್ಪಿಟ್ಟಿನ ಬಾಕಿ ಇನ್ನೂ ಇತ್ತು.

ಹುಲಿಗೆಪ್ಪನವರು ಅಳಿಯನನ್ನು ನೋಡಿದರು. ಮಲಕಪ್ಪ ತಲೆ ತಗ್ಗಿಸಿ, ಟಿಕಳಿ ಹಚ್ಚಿಕೊಂಡ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ತೊಟ್ಟಿಲಲ್ಲಿ ಕೂಸು ಬದಲಾದವನಂತೆ ಕುಳಿತಿದ್ದ. ಮೊದಲು ಹುಲಿಗೆಪ್ಪನವರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಕೊನೆಗೆ ರುಮಾಲು ಜಾರಿ ಬೀಳುವಂತೆ ನಕ್ಕರು. ಮಾಂತು ನೀರು ಕೊಡಬೇಕಾಯಿತು.

ನಗೆ ನಿಂತ ಮೇಲೆ ಬಸವಣ್ಣೆವ್ವ ಕೈ ಚಾಚಿದಳು.

"ಎಣ್ಣಿ ಎಲ್ಲಿ?"

ಹುಲಿಗೆಪ್ಪನವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. "ಎಣ್ಣಿ... ನಿನಗ ಹೆಂಗ ಗೊತ್ತು?"

"ನಿನ್ನ ಅಳಿಯಾ ಎಲ್ಲಾ ಬಿಟ್ಟು ಅದನ್ನ ಹಿಡಕೊಂಡ ಬಂದಾನ."

ಹುಲಿಗೆಪ್ಪನವರು ಚೀಲದಿಂದ ಬಾಟಲಿ ತೆಗೆದು, ಮಂಚದ ತುದಿಯಲ್ಲಿ ಕುಳಿತು, ಅಕ್ಕನ ಪಾದಕ್ಕೆ ಎಣ್ಣೆ ಹಚ್ಚುತ್ತ, ಕೇಳದಿದ್ದರೂ ಹಾಡತೊಡಗಿದರು. ತಂಬೂರಿ ಇಲ್ಲ, ತಬಲಾ ಇಲ್ಲ. ಮಾಂತು ಊಟದ ಮೇಜಿನ ಮೇಲೆ ಬೆರಳಾಡಿಸಿದ. ಬೆಳಗಿನ ಅದೇ ಮೂರನೆಯ ವಚನ. ಏರುತ್ತ ಏರುತ್ತ ಮೇಲಿನ ಷಡ್ಜಕ್ಕೆ ಬಂತು. ನಡುಗಿತು. ಕಿರುಗುಟ್ಟಿತು.

"ತಪ್ಪಿತು ನೋಡು" ಎಂದಳು ಬಸವಣ್ಣೆವ್ವ, ಕಣ್ಣು ಮುಚ್ಚಿಕೊಂಡೇ.

"ಹೌದಕ್ಕಾ" ಎಂದರು ತಮ್ಮ. ಮತ್ತೆ ಹಾಡಿದರು.

ಮಲಕಪ್ಪ ದೇವರ ಕೋಣೆಯ ಕಡೆ ತಿರುಗಿ ನಿಟ್ಟುಸಿರಿಟ್ಟ. ಅವ್ವನ ಕೆಲಸ ಆಯಿತು. ತಾನು ಮಾಡಬೇಕೆಂದದ್ದು ಒಂದೂ ಆಗದೆ, ಆಗಬೇಕಾದದ್ದು ಆಯಿತು. ಇನ್ನು ಉಳಿದದ್ದು ಅಟ್ಟ. ಅವನು ಮೆಲ್ಲಗೆ ಸ್ಟೂಲು ಎಳೆದುಕೊಂಡು, ಕ್ಯಾಮೆರಾದ ಮೇಲಿನ ಟಿಕಳಿಯ ಅಂಚಿಗೆ ಉಗುರು ಹಾಕಿದ.

"ಏ ಏ, ಅದನ್ನ ಮುಟ್ಟಬ್ಯಾಡ!" ಎಂದು ಹುಲಿಗೆಪ್ಪನವರು ಕೂಗಿದರು. "ಮಲಕಪ್ಪಾ, ನೀ ನನಗ ಸಿಕ್ಕಿದ್ದು ಆ ಶಿವನ ದಯಾ. ಈಗಿನ ಮಂದಿ ವಿಡಿಯೋ ಇಲ್ಲಂದ್ರ ಕಚೇರಿಗೇ ಕರೆಯವಲ್ಲರು. ಮೂರು ಊರು ಬಿಟ್ಟು ಹೋದ್ವು. ಇನ್ನ ಚಿಂತಿಲ್ಲ. 'ನನ್ನ ಅಳಿಯಾನೇ ವಿಡಿಯೋ ತಗೀತಾನ, ಬ್ಯಾರೇದವ್ರು ಬ್ಯಾಡ' ಅಂತ ಹೇಳಿಬಿಡ್ತೀನಿ."

"ಮಾವಾ, ನನಗ ಸರಿಯಾಗಿ ತಗಿಯಾಕ ಬರೂದಿಲ್ಲ..."

"ಅದಕ್ಕ ಅಲ್ಲೇನೋ ನೀನ ಬೇಕು! ಅಕ್ಕನ ಕಾಲು ನೆಟ್ಟಗಾಗೂತನಕ ನಾ ಇಲ್ಲೇ ಇರ್ತೀನಿ. ಇಲ್ಲಿಂದ ಇಬ್ಬರೂ ಕೂಡೇ ಹೋಗೂದು."

ಕೃಷ್ಣಾಜಿಯವರು ಆಗಲೇ ಜೇಬಿನಿಂದ ಡೈರಿ ತೆಗೆದಿದ್ದರು. "ಬರೋ ಭಾನುವಾರ ಲೋಣಾವಳಾದಾಗ ನಮ್ಮವರ ಒಂದು ಮಠದ ಕಾರ್ಯಕ್ರಮ ಅದ. ಅದರ ಮುಂದಿನ ಭಾನುವಾರ ಸೊಲ್ಲಾಪುರ. ಆಮ್ಯಾಲೆ ದಸರಾದ ತನಕ ನಾ ಹಚ್ಚಿಕೊಡ್ತೀನ್ರಿ ಬುವಾ. ಎಲ್ಲಾ ಭಾನುವಾರಾನೂ ತುಂಬಸ್ತೀನಿ."

ಮಲಕಪ್ಪ ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದ. ಅವಳಾದರೂ ಒಂದು ಮಾತು ಅನ್ನಲಿ.

ಶಾಮಲಾ ಒಳಗೆ ಹೋದಳು. ಕನ್ನಡಿಯ ಗೂಡಿನಿಂದ ಏನನ್ನೋ ತೆಗೆದು ತಂದು ಕ್ಯಾಮೆರಾದ ಚೀಲದ ಬದಿಯ ಜೇಬಿನಲ್ಲಿ ಜೋಪಾನವಾಗಿ ಇಟ್ಟಳು.

"ಏನದು?" ಎಂದು ಮಲಕಪ್ಪ ಕೇಳಿದ.

"ಟಿಕಳಿ ಪಾಕೀಟು" ಎಂದಳು ಶಾಮಲಾ. "ಲೋಣಾವಳಾದಾಗ ಮಳಿ ಭಾಳರಿ. ಹಸಿ ಹವಾಕ್ಕ ಒಂದ ಹ್ವಾದ್ರ, ಇನ್ನೊಂದ ಹಚ್ಚಕೋರಿ."